ಹತ್ತಿ ತುಂಬಿದ ಮನೆಯಲ್ಲಿ ಆಮೆಗೊಂದು ದೀಪ

ಮಹಾನವಮಿಗೆ ಅಟ್ಟ ಸ್ವಚ್ಛ ಮಾಡುವಾಗ ಹಳೆಯದೊಂದು ಸಾಣಿಗೆ ಕೈಗೆ ಸಿಕ್ಕಿತು. ಹಿಟ್ಟು ಸಾಣಿಸುವ ಸಾಣಿಗೆಯೇ. ಆದರೆ ಅದರ ತಂತಿಯ ಬಲೆಯನ್ನು ಬುಟ್ಟಿಯ ಹಾಗೆ ಬಗ್ಗಿಸಿ, ಬಾಯಿಗೆ ಬಿಳಿ ಪಿಂಗಾಣಿಯ ಬಲ್ಬ್ ಹೋಲ್ಡರ್ ಬಿಗಿಯಲಾಗಿತ್ತು. ಮಗಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಅವ್ವಾ, ಇದೇನ ಇದು? ಬಲ್ಬಿಗೆ ಜೇಲ್ ಕಟ್ಟೀರೇನ?" ಎಂದು ನಕ್ಕಳು. ನಾನೂ ನಗಬೇಕೆಂದುಕೊಂಡೆ. ಆದರೆ ಆ ತಂತಿ ಬೆರಳಿಗೆ ತಾಗಿದ ಕೂಡಲೇ ಕೈ ಹಿಂದೆಳೆದುಕೊಂಡೆ. ಬಲ್ಬು ಈಗಲೂ ಉರಿಯುತ್ತಿದೆಯೇನೋ, ಯಾರಾದರೂ ಹತ್ತಿರ ಕೂತು ಕಾಯುತ್ತಿದ್ದಾರೋ ಇಲ್ಲವೋ ಎಂಬ ಹಳೆಯ ಗಾಬರಿ.

ನಾನು ಹುಟ್ಟಾ ಅಂಜುಬುರುಕಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ರಾಮದುರ್ಗದ ತವರಿನಲ್ಲಿ ಅಪ್ಪ ಸಂತೆಯಿಂದ ಬರುವುದು ಸ್ವಲ್ಪ ತಡವಾದರೆ ಸಾಕು, ಬಾಗಿಲ ಚೌಕಟ್ಟು ಹಿಡಿದು ನಿಂತು ಅಳುತ್ತಿದ್ದೆ. ಒಲೆಯ ಮೇಲಿನ ಹಾಲು ಉಕ್ಕುವ ಮೊದಲೇ ಉಕ್ಕಿತೆಂದು ಕೂಗುತ್ತಿದ್ದೆ. "ಈಕಿನ್ನ ಧೈರ್ಯ ಇದ್ದವರ ಮನಿಗೆ ಕೊಡಬೇಕು" ಎಂದು ಅವ್ವ ಎಲ್ಲರ ಮುಂದೆ ಹೇಳುವಳು. ಕೊನೆಗೆ ಕೊಟ್ಟದ್ದು ನನಗಿಂತ ನಾಲ್ಕು ಪಟ್ಟು ಹೆಚ್ಚು ಅಂಜುವ ಮಾವನ ಮನೆಗೆ.

ತೊಂಬತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ಮಾವನವರದು ಬೈಲಹೊಂಗಲದ ಪೇಟೆಯಲ್ಲಿ ಹತ್ತಿಯ ವ್ಯಾಪಾರ. ಸುಗ್ಗಿ ಬಂತೆಂದರೆ ನನ್ನ ಗಂಡ ಮುರಗೋಡ, ಮನೋಳಿ, ಸಿರಸಂಗಿ ಎಂದು ಹಳ್ಳಿ ಹಳ್ಳಿ ತಿರುಗಿ ಹತ್ತಿ ಖರೀದಿ ಮಾಡುತ್ತಿದ್ದರು. ವಾರಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಆ ದೊಡ್ಡ ಮನೆಯಲ್ಲಿ ಉಳಿಯುತ್ತಿದ್ದವರು ನಾನು, ಮಾವನವರು ಮತ್ತು ಹತ್ತಿ. ಗಿರಣಿಗೆ ಕಳಿಸುವ ತನಕ ಹತ್ತಿಯ ದೊಡ್ಡ ಚೀಲಗಳು ನಡುಮನೆಯಲ್ಲಿ ತೊಲೆ ಮುಟ್ಟುವಂತೆ ಒಟ್ಟಿಕೊಂಡಿರುತ್ತಿದ್ದವು. ಅಡುಗೆಮನೆಗೆ ಹೋಗಬೇಕಾದರೆ ಗೋಡೆಗೆ ಬೆನ್ನು ತಾಗಿಸಿಕೊಂಡು ಅಡ್ಡಡ್ಡ ನಡೆಯಬೇಕು. ಬಂದಮೇಲೆ ಸೀರೆಗೆ ಹತ್ತಿದ ಎಳೆಗಳನ್ನು ಬಿಡಿಸಿಕೊಳ್ಳುತ್ತ ಕೂಡಬೇಕು.

ಮಾವನವರು ತಮ್ಮ ಹರೆಯದಲ್ಲಿ ಒಂದು ಹತ್ತಿ ಗಿರಣಿ ಸುಟ್ಟದ್ದನ್ನು ಕಣ್ಣಾರೆ ಕಂಡವರು. "ಹತ್ತಿ ಬೆಂಕಿ ಕಳ್ಳ ಬೆಂಕಿ ನೀಲವ್ವಾ," ಎನ್ನುತ್ತಿದ್ದರು ನನಗೆ. "ಹೊರಗ ಏನೂ ಕಾಣೂದಿಲ್ಲ. ಒಳಗ ಕುಂತಿರತೈತಿ. ನಾವು ಉಂಡು, ಮಾತಾಡಿ, ಮಲಗಿರತೇವಿ. ಅದು ಕುಂತ ತಿನ್ನಾಕ ಹತ್ತಿರತೈತಿ." ಅದಕ್ಕೇ ನಮ್ಮ ಮನೆಯ ಬಾಗಿಲಲ್ಲಿ ಒಂದು ತಾಟು. ಬಂದವರು ತಮ್ಮ ಬೀಡಿ, ಕಡ್ಡಿಪೆಟ್ಟಿಗೆಗಳನ್ನು ಅದರಲ್ಲಿಟ್ಟೇ ಒಳಗೆ ಕಾಲಿಡಬೇಕು. ದೇವರ ಮುಂದಿನ ದೀಪವೂ ನೀರು ತುಂಬಿದ ಪರಾತದ ನಡುವೆ ಉರಿಯಬೇಕು. ಊಟವಾದ ಮೇಲೆ ಮನೆಯ ಮೂಲೆಮೂಲೆಗೂ ಹೋಗಿ ಮೂಗೆಳೆದು ವಾಸನೆ ನೋಡುವರು. ಆಮೇಲೆ ಕರೆಂಟಿನ ಮೇನ್ ಕೆಳಗೆಳೆದುಬಿಡುವರು. ಹತ್ತಿ ಮನೆಯಲ್ಲಿರುವಷ್ಟು ಕಾಲ ನಾವು ರಾತ್ರಿ ಬಲ್ಬು, ಫ್ಯಾನು ಕಂಡವರಲ್ಲ.

ಇಂಥ ಮನೆಗೆ ಆಮೆ ಬಂತು.

ಅದು ನಮ್ಮದಲ್ಲ. ಪಕ್ಕದ ಬಾಡಿಗೆ ಮನೆಯ ವಿಶಾಲಕ್ಕನದು. ಅವರು ಕೋಲಾರದ ಕಡೆಯವರು. ಗಂಡನಿಗೆ ಬ್ಯಾಂಕಿನ ನೌಕರಿ, ವರ್ಗವಾಗಿ ನಮ್ಮೂರಿಗೆ ಬಂದಿದ್ದರು. ಊರು ಹೊಸದು, ಮಾತು ಹೊಸದು. ನಾನು "ಬರ್ರಿ, ಕುಂಡ್ರಿ" ಎಂದರೆ ವಿಶಾಲಕ್ಕ ಬೆದರಿ ಬಾಗಿಲಲ್ಲೇ ನಿಲ್ಲುತ್ತಿದ್ದರು, ಬೈದೆನೆಂದು ತಿಳಿದು. ನಾನು ಹೊಸ ಸೊಸೆ, ಅವರು ಹೊಸ ನೆರೆಯವರು. ಇಬ್ಬರಿಗೂ ಇಬ್ಬರೇ ಗತಿ. ಅವರ ತಮ್ಮನ ಹೊಲದ ಬದುವಿನಲ್ಲಿ ಸಿಕ್ಕ ಆಮೆಮರಿಯನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ರೈಲಿನಲ್ಲಿ ತಂದಿದ್ದರಂತೆ. ನೀರಿನ ಆಮೆಯಲ್ಲ, ನೆಲದ ಮೇಲಿನದು. ಕಪ್ಪು ಚಿಪ್ಪಿನ ಒಂದೊಂದು ಗುಬುಟಿನಿಂದಲೂ ಹಳದಿ ಗೆರೆಗಳು ಸುತ್ತಲೂ ಒಡೆದು ಹರಡಿದ್ದವು. ವಿಶಾಲಕ್ಕನ ಕಣ್ಣಿಗೆ ಅದು ಎಣ್ಣೆಯಲ್ಲಿ ಕರಿದ ತಿಂಡಿಯ ಹಾಗೆ ಕಂಡಿರಬೇಕು, ಚಕ್ಕುಲಿ ಎಂದು ಹೆಸರಿಟ್ಟಿದ್ದರು. ಅದು ನನ್ನ ಅಂಗೈ ತುಂಬುವಷ್ಟಿತ್ತು. ಮುಂಜಾನೆಯ ಬಿಸಿಲಿಗೆ ಕಟ್ಟೆಯ ಮೇಲೆ ಬಿಟ್ಟರೆ ನಾಲ್ಕೂ ಕಾಲು ಚಾಚಿ, ಕುತ್ತಿಗೆ ಉದ್ದ ಮಾಡಿ, ಹೊಲದಿಂದ ಬಂದು ಮಲಗಿದ ಮುದುಕನ ಹಾಗೆ ಬಿದ್ದುಕೊಳ್ಳುತ್ತಿತ್ತು. ಮಕ್ಕಳಿಲ್ಲದ ವಿಶಾಲಕ್ಕ ಅದರ ಜೊತೆ ಇಡೀ ಹಗಲು ಮಾತಾಡುತ್ತಿದ್ದರು.

ಆ ವರ್ಷ ಅವರ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಗೊತ್ತಾಗಿ, ಮಿರಜದ ಆಸ್ಪತ್ರೆಗೆ ಹೋಗಬೇಕಾಯಿತು. ಹೊರಡುವ ದಿನ ಮರದ ಪೆಟ್ಟಿಗೆಯೊಂದನ್ನು ತಂದು ನನ್ನ ಕೈಗಿತ್ತರು. "ನೀಲಾ, ಸೊಪ್ಪು ಹಾಕಿ, ಬಿಸಿಲಿಗೆ ಬಿಡಿ, ಅಷ್ಟು ಸಾಕು. ಚಳಿ ಬರೋ ಹೊತ್ತಿಗೆ ನಾನೇ ಬಂದ್ಬಿಡ್ತೀನಿ." ಆಮೇಲೆ ಪೆಟ್ಟಿಗೆಯೊಳಗೆ ಬಗ್ಗಿ, ಬಹಳ ಸಣ್ಣ ದನಿಯಲ್ಲಿ ಏನೋ ಹೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಳ್ಳಬಾರದು ಎನಿಸಿತು.

ಆದರೆ ವಿಶಾಲಕ್ಕನ ಮೈಯಲ್ಲಿ ರಕ್ತ ಕಡಿಮೆಯಿದೆ, ಅದು ಏರುವ ತನಕ ಆಪರೇಶನ್ ಆಗದು ಎಂದು ಡಾಕ್ಟರರು ಮುಂದೆ ಹಾಕಿದರು. ಚಳಿ ಅವರಿಗಿಂತ ಮೊದಲು ಬಂತು. ಬರುವಾಗ ಮೋಡವನ್ನೂ ಕರೆದುಕೊಂಡು ಬಂತು. ಎಲ್ಲೋ ಸಮುದ್ರದಲ್ಲಿ ಬಿರುಗಾಳಿ ಎದ್ದಿದೆಯೆಂದು ರೇಡಿಯೋದವರು ಹೇಳಿದರು. ನಮ್ಮಲ್ಲಿ ಸೂರ್ಯನೇ ಕಾಣಲಿಲ್ಲ. ಜಿನುಗು ಮಳೆ, ಮೂಳೆಗೆ ಇಳಿಯುವ ಥಂಡಿ ಗಾಳಿ. ಮಳೆಯಲ್ಲಿ ಹತ್ತಿಯನ್ನು ಗಿರಣಿಗೆ ಒಯ್ಯುವಂತಿಲ್ಲ. ನಡುಮನೆಯ ರಾಶಿ ಬೆಳೆಯುತ್ತ ಪಡಸಾಲೆಗೂ ಬಂತು. ಮಾವನವರ ಮೂಗಿಗೆ ಕೆಲಸ ಹೆಚ್ಚಾಯಿತು.

ಚಕ್ಕುಲಿ ತಿನ್ನುವುದನ್ನು ಬಿಟ್ಟಿತು. ಮೊದಲು ಸೊಪ್ಪಿನ ಬಳಿ ಬಂದು ಮೂಸಿ ತಿರುಗುತ್ತಿತ್ತು. ಆಮೇಲೆ ಬರುವುದೂ ನಿಂತಿತು. ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತರೆ ಕಲ್ಲು. ಎತ್ತಿದರೆ ಕಾಲುಗಳು ಜೋತು ಬೀಳುತ್ತಿದ್ದವು. ನಾನು ತಾಸಿಗೊಮ್ಮೆ ಹೋಗಿ ಮೂಗಿನ ಮುಂದೆ ಬೆರಳಿಟ್ಟು ನೋಡುತ್ತಿದ್ದೆ. ಆಮೆಯ ಉಸಿರು ಬೆರಳಿಗೆ ತಿಳಿಯುತ್ತದೆಯೇ? ತಿಳಿಯಲಿಲ್ಲ. ನನ್ನದೇ ಉಸಿರು ನಿಂತಂತಾಗುತ್ತಿತ್ತು.

ಬೆಚ್ಚಗಿಡಬೇಕು ಎಂಬುದೊಂದು ಗೊತ್ತು. ಹೇಗೆ ಎಂಬುದು ಗೊತ್ತಿಲ್ಲ. ಮೊದಲು ಬಚ್ಚಲ ಒಲೆಯ ಪಕ್ಕದಲ್ಲಿಟ್ಟೆ. ಒಲೆಯ ಹೊಗೆಗೆ ಅದರ ಮುಚ್ಚಿದ ಕಣ್ಣಿನಲ್ಲೂ ನೀರು ಬಂತು. ಕೆಳಗಿನ ಹಾಸುಗಲ್ಲು ಕಾದು ಹೊಟ್ಟೆಗೆ ಚುರುಕ್ಕೆಂದಿರಬೇಕು, ಇದ್ದ ಬಲವನ್ನೆಲ್ಲ ಕೂಡಿಸಿ ಎರಡು ಹೆಜ್ಜೆ ಆಚೆ ಎಳೆದುಕೊಂಡು ಹೋಯಿತು. ಅದು ನಡೆಯಿತಲ್ಲ ಎಂದು ನಾನು ಹಿಗ್ಗಿದೆ. ಅದು ನಡೆದದ್ದು ನೋವಿಗೆ ಎಂದು ಆಮೇಲೆ ಹೊಳೆಯಿತು. ಬಿಸಿನೀರಿನ ಬಾಟಲಿಗೆ ಅರಿವೆ ಸುತ್ತಿ ಇಟ್ಟರೆ, ನಾನು ರೊಟ್ಟಿ ಬಡಿದು ಬರುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು. ವಾರದ ಭೇಟಿಗೆ ಬಂದಿದ್ದ ನನ್ನ ಗಂಡ, "ಕರೆಂಟಿನ ಕಾಯಿಲ್ ಒಲಿ ಐತೆಲ್ಲ, ಅದನ್ನ ಹಚ್ಚಿಡು" ಎಂದು ಹೇಳಿ, ತಂದೆಯ ಮುಖ ನೋಡಿ, ಮುಂದಿನ ಮಾತು ನುಂಗಿ ಮನೋಳಿಯ ಬಸ್ಸು ಹತ್ತಿದರು.

ಕೊನೆಗೆ ನಾನೇ ಧೈರ್ಯ ಮಾಡಿ ಕೇಳಿದೆ.

"ಮಾವಾರ, ಆಮಿ ಪೆಟಿಗ್ಯಾಗ ಒಂದ ಬಲ್ಬ್ ಹಚ್ಚಿಡಲ್ರಿ?"

"ಎಷ್ಟೊತ್ತು?"

"ಹಗಲೆಲ್ಲಾ ರೀ."

ಅವರು ಹೆಗಲ ಮೇಲಿನ ವಸ್ತ್ರ ತೆಗೆದು ಮತ್ತೆ ಹಾಕಿಕೊಂಡರು. "ಈ ರಾಶಿ ನೋಡೀಯಿಲ್ಲ? ಇದರ ಮಗ್ಗಲಾ ಹಗಲೆಲ್ಲಾ ಸುಡೂ ಬಲ್ಬ್? ತಲಿ ನೆಟ್ಟಗ ಐತೇನ ನೀಲವ್ವಾ?"

"ಅದು ಸಾಯತೈತ್ರಿ ಮಾವಾರ."

"ಇದಕ್ಕ ಬೆಂಕಿ ಬಿದ್ರ ನಾವ್ ಮೂರೂ ಮಂದಿ ಸಾಯತೇವಿ. ಆಮಿನೂ ಸೇರಿಸಿ ಹೇಳಾಕತ್ತೇನಿ."

ನಾನು ಸೊಪ್ಪಿನ ಬುಟ್ಟಿ ಎತ್ತಿಕೊಂಡು ತಿರುಗಿದೆ. ಕಣ್ಣೀರು ಮಾತ್ರ ಮಾತು ಕೇಳಲಿಲ್ಲ. ಮಾವನವರಿಗೆ ಬೆಂಕಿಯ ನಂತರ ಹೆಚ್ಚಿನ ಅಂಜಿಕೆ ಸೊಸೆಯ ಕಣ್ಣೀರಿನದು. ಸ್ವಲ್ಪ ಹೊತ್ತು ಪಡಸಾಲೆಯಲ್ಲಿ ತಿರುಗಾಡಿ ಬಂದು, "ಅಡಿಗಿ ಮನ್ಯಾಗ, ಹಿತ್ತಲ ಬಾಗಲದ ಕಡೆ. ನಾ ಮುಂದ ಕುಂತಿರತೇನಿ. ನಾ ಎದ್ದರ ಬಲ್ಬ್ ಬಂದ್" ಎಂದರು.

ಹೀಗೆ ನಮ್ಮ ಮೊದಲ ದೀಪ ಹತ್ತಿತು. ಪೆಟ್ಟಿಗೆಯ ಮೇಲೆ ಒಂದು ಕೋಲು ಅಡ್ಡ ಇಟ್ಟು, ವೈರಿನಿಂದ ಬಲ್ಬು ಇಳಿಬಿಟ್ಟೆ. ಕೆಳಗೆ ಮೆತ್ತಗಿರಲೆಂದು ಶೇಂಗಾ ಹೊಟ್ಟು ಹರಡಿದೆ. ಎದುರಿಗೆ ಮಣೆಯ ಮೇಲೆ ಮಾವನವರು. ಅವರ ಬಲಗಡೆ ಒಂದು ಬಕೆಟ್ ನೀರು, ಎಡಗಡೆ ಒಂದು ಬುಟ್ಟಿ ಮಣ್ಣು. ಪೂಜೆಗೆ ಕೂತವರೂ ಅಷ್ಟು ಏಕಚಿತ್ತದಿಂದ ಕೂಡುವುದಿಲ್ಲ.

ನಮ್ಮೂರ ಕರೆಂಟಿನ ಗುಣ ನಿಮಗೆ ಗೊತ್ತಿರಲಿಕ್ಕಿಲ್ಲ. ಸುತ್ತಲ ಹೊಲಗಳಲ್ಲಿ ಪಂಪ್‌ಸೆಟ್ಟುಗಳು ಓಡುವಾಗ ಬಲ್ಬಿನೊಳಗಿನ ತಂತಿ ಕೆಂಪಗೆ ಕಾಣುತ್ತದೆ, ಅಷ್ಟೇ. ಬೆಳಕೂ ಇಲ್ಲ, ಕಾವೂ ಇಲ್ಲ. ಅವೆಲ್ಲ ಒಮ್ಮೆಗೇ ನಿಂತವೋ, ಬಲ್ಬು ಕಣ್ಣು ಕುಕ್ಕುವ ಹಾಗೆ ಬೆಳ್ಳಗಾಗಿ ಸಿಡಿಯಲು ತಯಾರಾಗುತ್ತದೆ. ಅಂದು ಕೆಂಪು ಬೆಳಕಿನಲ್ಲಿ ಏನೂ ಕಾವು ಇಲ್ಲವೆಂದು ನಾನೇ ವೈರನ್ನು ಇನ್ನಷ್ಟು ಕೆಳಗೆ ಇಳಿಸಿದೆ. ಮಧ್ಯಾಹ್ನ ಕರೆಂಟು ಪೂರ್ತಿ ಹೋಯಿತು. ಮತ್ತೆ ಬಂದಾಗ ಜೋರಾಗಿ ಬಂತು. ಅಷ್ಟರಲ್ಲಿ, ಬಲ್ಬು ಆರಿದ್ದಾಗ ನಮಗೆ ಗೊತ್ತಾಗದೆ ಕೋಲು ಜಾರಿ, ಬಲ್ಬು ಹೊಟ್ಟಿನ ಮೇಲೆ ಕೂತಿತ್ತು. ನಾವಿಬ್ಬರೂ ನೋಡನೋಡುತ್ತಿರುವಂತೆ ಒಂದು ಸಣ್ಣ ಹೊಗೆಯ ಎಳೆ ಎದ್ದಿತು.

ಮಾವನವರು ಇಡೀ ಆಯುಷ್ಯ ಇದಕ್ಕೇ ತಯಾರಾಗಿದ್ದವರು. ಮೊದಲು ಕೈಚಾಚಿ ಗೋಡೆಯ ಪ್ಲಗ್ ಕಿತ್ತರು. ಆ ಗಡಿಬಿಡಿಯಲ್ಲೂ ಅದನ್ನು ಮರೆಯಲಿಲ್ಲ. ಮರುಕ್ಷಣ ಇಡೀ ಬಕೆಟ್ ನೀರು ಪೆಟ್ಟಿಗೆಯೊಳಗೆ. ಬಲ್ಬು ಠಪ್ಪೆಂದು ಒಡೆಯಿತು. ಹೊಗೆ ಆರಿತು. ಹೊಟ್ಟು ತೇಲಿತು. ಹೊಟ್ಟಿನ ಅಡಿಯಿಂದ ಚಕ್ಕುಲಿಯೂ ಬೆನ್ನು ಕೆಳಗಾಗಿ ತೇಲಿತು.

"ಅಯ್ಯೋ, ಆಮಿ!" ಎಂದು ಕೂಗಿದವಳು ನಾನಲ್ಲ. ಮಾವನವರು.

ಗಾಜಿನ ಚೂರುಗಳ ನಡುವೆ ಕೈಹಾಕಿ ಅದನ್ನು ಎತ್ತಿಕೊಂಡರು. ತಮ್ಮ ವಸ್ತ್ರದಿಂದ ಒರೆಸಿದರು. ಡಿಸೆಂಬರಿನ ನೀರು, ಹಿಮದಂಥ ನೀರು. ಆಮೆ ಕಣ್ಣು ತೆರೆಯಲಿಲ್ಲ. ಅವರು ಅಂಗಿಯ ಗುಂಡಿ ಬಿಚ್ಚಿ ಅದನ್ನು ಬರಿಯ ಎದೆಗೆ ಒತ್ತಿಹಿಡಿದು, ಮೇಲೆ ಕಂಬಳಿ ಹೊದ್ದು, "ನಡಿಯವ್ವಾ, ದವಾಖಾನಿಗೆ ನಡಿ" ಎಂದರು. ಕಾಲಿಗೆ ಚಪ್ಪಲಿ ಮೆಟ್ಟಲಿಲ್ಲ. ಒಡೆದ ಗಾಜು ಹಾಗೇ ಬಿದ್ದಿತ್ತು. ಹತ್ತಿ ತುಂಬಿದ ಮನೆಗೆ ಅಗಳಿ ಕೂಡ ಹಾಕದೆ ಅವರು ಬೀದಿಗಿಳಿದದ್ದನ್ನು ನಾನು ಅಂದೇ ಕಂಡದ್ದು.

ದನದ ದವಾಖಾನೆಯಲ್ಲಿ ಡಾಕ್ಟರು ಒಂದು ಎಮ್ಮೆಯ ಬಾಯಿ ತೆರೆಸಿ ನೋಡುತ್ತಿದ್ದರು. ವಯಸ್ಸಿನಲ್ಲಿ ಸಣ್ಣವರು, ಮಾವನವರ ಪರಿಚಯದವರು. "ಬರ್ರಿ ಕಾಕಾ. ಏನ ತಂದೀರಿ, ಕಂಬಳ್ಯಾಗ? ಬೆಕ್ಕೇನ?" ಎಂದರು.

"ಊರಿಗೆ ಹೋದ ಬಾಜೂ ಮನಿ ಬಾಯಾರ ಆಮಿ ತಂದೇನ್ರಿ. ನಾನ ಕೊಂದೇನೋ ಏನೋ ನೋಡ್ರಿ."

ಡಾಕ್ಟರು ನಗಲಿಲ್ಲ. ಕೈತೊಳೆದುಕೊಂಡು ಬಂದು, ಆಮೆಯ ಹಿಂಗಾಲನ್ನು ಮೆಲ್ಲಗೆ ಎಳೆದರು. ಕಾಲು ಒಳಗೆ ಸರಿಯಿತು. ಬಹಳ ನಿಧಾನ, ಆದರೆ ಸರಿಯಿತು. "ಜೀವ ಐತಿ," ಎಂದರು. ಮಾವನವರು ಅಲ್ಲೇ ಎಮ್ಮೆ ಕಟ್ಟುವ ಕಂಬ ಹಿಡಿದುಕೊಂಡು ಕೂತುಬಿಟ್ಟರು.

"ಖರೇ ಹೇಳತೇನಿ, ನಂಗ ಎಮ್ಮಿ ಎತ್ತು ಗೊತ್ತು. ಆಮಿದು ಕಾಲೇಜಿನ್ಯಾಗ ಓದಿದ್ದು, ಅಷ್ಟ," ಎಂದ ಡಾಕ್ಟರು ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತರಿಸಿ, ಗಲ್ಲ ಮುಳುಗದಷ್ಟು ನೀರಿನಲ್ಲಿ ಅದನ್ನು ಕೂಡಿಸಿದರು. ಆಮೇಲೆ ನೆನಪಿಸಿಕೊಂಡು ನೆನಪಿಸಿಕೊಂಡು ಹೇಳಿದರು. ಇದರ ಮೈಯಲ್ಲಿ ನಮ್ಮ ಹಾಗೆ ತನ್ನದೇ ಕಾವು ಇಲ್ಲ. ಹೊರಗಿನ ಕಾವೇ ಅದರ ಹಸಿವು, ಅದರ ಜೀರ್ಣ. ಕಾವು ಹೊಟ್ಟೆಯ ಕೆಳಗಿನಿಂದ ಬರಬಾರದು, ಬಿಸಿಲಿನ ಹಾಗೆ ಮೇಲಿನಿಂದ ಬರಬೇಕು. ಒಂದು ಬದಿ ಬೆಚ್ಚಗಿದ್ದರೆ ಇನ್ನೊಂದು ಬದಿ ತಂಪಿರಬೇಕು. "ಎಲ್ಲಿ ಕುಂಡ್ರಬೇಕು ಅನ್ನೂದು ಅದಕ್ಕ ಬಿಡ್ರಿ. ಸುಟ್ಟರ ಸರದ ಹೋಗಾಕ ಜಾಗಾ ಇರಬೇಕು." ಹಗಲು ಬೆಳಕು, ರಾತ್ರಿ ಕತ್ತಲು. ಬಲ್ಬು ಎಂದೂ ಬೀಳದ ಹಾಗೆ ಇರಬೇಕು, ಆಮೆಗೆ ಮುಟ್ಟದ ಹಾಗೆ ಇರಬೇಕು. ಬಲ್ಬು ಕಾವು ಕೊಟ್ಟೀತು, ಆದರೆ ಬಿಸಿಲು ಕೊಡುವುದನ್ನೆಲ್ಲ ಕೊಡಲಾರದು. ಚಿಪ್ಪು ಗಟ್ಟಿಯಾಗಲು ಬಿಸಿಲೇ ಬೇಕು, ಕಿಟಕಿಯ ಗಾಜಿನಾಚೆಯ ಬಿಸಿಲೂ ನಡೆಯದು. ಮೋಡ ಸರಿದ ದಿನ ಹೊರಗೆ ಒಯ್ಯಿರಿ. ಕೊನೆಗೆ ದನಿ ತಗ್ಗಿಸಿ, "ಮತ್ತೊಂದು ಮಾತು. ಇಂಥಾ ಆಮಿ ಮನ್ಯಾಗ ಸಾಕೂದು ಕಾಯ್ದೇ ಪ್ರಕಾರ ತಪ್ಪ. ಮೊದಲ ಉಳಿಸಿಕೊಳ್ರಿ. ಆ ಬಾಯಾರು ಬಂದ ಮ್ಯಾಲ ಅರಣ್ಯ ಇಲಾಖೆಗೆ ಒಪ್ಪಿಸಾಕ ಹೇಳ್ರಿ" ಎಂದರು.

ಕಾಯ್ದೆಯ ಮಾತಿಗೆ ನನ್ನ ಎದೆಯಲ್ಲಿ ಮತ್ತೊಂದು ಅಂಜಿಕೆ ಸೇರಿಕೊಂಡಿತು. ಮಾವನವರು ಮಾತ್ರ ಅದನ್ನು ಕೇಳಿದಂತೆ ಕಾಣಲಿಲ್ಲ. ಅವರು "ಬೀಳದ ಹಾಗೆ, ಮುಟ್ಟದ ಹಾಗೆ" ಎಂಬಲ್ಲಿಯೇ ನಿಂತಿದ್ದರು.

ಅಂಜಿಕೆಯೂ ಒಂದು ಬಗೆಯ ಜಾಣತನ ಎಂದು ನನಗೆ ತಿಳಿದದ್ದು ಮರುದಿನ. ಇಷ್ಟು ವರ್ಷ ಬೆಂಕಿಯ ಬಗ್ಗೆ ಯೋಚಿಸಿದ ತಲೆಯನ್ನೆಲ್ಲ ಮಾವನವರು ಆಮೆಯ ಮನೆಗೆ ಹಚ್ಚಿದರು. ಮರದ ಪೆಟ್ಟಿಗೆ ಬೇಡ, ಹತ್ತುತ್ತದೆ. ನನ್ನ ತವರಿನ ಟ್ರಂಕು ಕೊಡಲು ಹೋದೆ, "ಕಬ್ಬಣಕ್ಕ ಕರೆಂಟ ಇಳದರ?" ಎಂದು ತಳ್ಳಿಹಾಕಿದರು. ಹಿತ್ತಿಲಲ್ಲಿ, ಎತ್ತುಗಳಿದ್ದ ಕಾಲದ ಕಲ್ಲಿನ ದೋಣಿಯೊಂದು ಬಿದ್ದಿತ್ತು, ದನ ನೀರು ಕುಡಿಯುವಂಥದ್ದು. ಅದನ್ನು ನಾಲ್ಕು ಜನ ಹಮಾಲರಿಂದ ಎತ್ತಿಸಿ ಬಚ್ಚಲ ಮುಂದಿನ ಸಣ್ಣ ಕೋಣೆಗೆ ತರಿಸಿದರು. ಆ ಕೋಣೆಗೂ ಹತ್ತಿಗೂ ನಡುವೆ ಎರಡು ಮಣ್ಣಿನ ಗೋಡೆ. ದೋಣಿಯಲ್ಲಿ ಹೊಟ್ಟಿನ ಬದಲು ಜರಡಿ ಹಿಡಿದ ಒಣಮಣ್ಣು.

ವೈರ್‌ಮನ್‌ನನ್ನು ಕರೆಸಿದಾಗ ಅವನಿಗೆ ಸಾಕುಸಾಕಾಯಿತು. ಅವನು ಹಬ್ಬದ ಕೆಂಪು ಬಲ್ಬು ಹಾಕೋಣವೆಂದ; "ಹಗಲ ಅಂದ್ರ ಹಗಲಿನಂಗ ಇರಬೇಕು, ಕೆಂಪ ಹಗಲ ಎಲ್ಲಿ ನೋಡೀಯೋ?" ಎಂದರು ಮಾವನವರು. ಟ್ಯೂಬ್‌ಲೈಟ್ ಎಂದ; "ಬೆಳಕ ಆತು, ಕಾವೆಲ್ಲಿ?" ಹೀಟರ್ ಎಂದ, ಮಾವನವರು ಬಾಗಿಲ ಕಡೆ ಕೈ ತೋರಿಸಿದರು. ಕಡೆಗೆ ಗೆದ್ದದ್ದು ಅರವತ್ತು ಕ್ಯಾಂಡಲಿನ ಸಾದಾ ಬಲ್ಬು. ಪ್ಲಾಸ್ಟಿಕ್ ಕರಗೀತೆಂದು ಪಿಂಗಾಣಿಯ ಹೋಲ್ಡರ್. ವೈರಿನಿಂದ ಇಳಿಬಿಡದೆ, ಗೋಡೆಗೆ ಬಡಿದ ಗಟ್ಟಿ ಪಟ್ಟಿಗೆ ಬಿಗಿದು, ದೋಣಿಯ ಒಂದೇ ತುದಿಗೆ. ಬಲ್ಬು ಒಡೆದರೂ ಗಾಜು ಆಮೆಯ ಮೇಲೆ ಬೀಳಬಾರದು, ಬಿಸಿ ಗಾಜಿಗೆ ಯಾವುದೂ ತಾಗಬಾರದು ಎಂದು ನನ್ನ ಸಾಣಿಗೆ ಬುಟ್ಟಿಯಾಯಿತು. ಕೇಳಲೂ ಇಲ್ಲ, ಅಡುಗೆಮನೆಗೆ ಬಂದು, ಹಿಟ್ಟು ಝಾಡಿಸಿ ಒಯ್ದರು. ಆ ಒಂದು ಬಲ್ಬಿಗೇ ಬೇರೆ ಫ್ಯೂಜು. ವೈರ್‌ಮನ್ ಹೋಗುವಾಗ ನನ್ನತ್ತ ತಿರುಗಿ, "ಅಕ್ಕಾರ, ಒಳಗ ಯಾರ ಬಾಣಂತನ ರೀ?" ಎಂದ.

ಬೆಚ್ಚಗಿನ ಬದಿ ಎಷ್ಟು ಬೆಚ್ಚಗಿದೆ ಎಂದು ತಿಳಿಯಲು ನಮ್ಮ ಬಳಿ ಇದ್ದದ್ದು ಅಂಗೈಯ ಹಿಂಭಾಗ ಮತ್ತು ಜ್ವರ ನೋಡುವ ಕಡ್ಡಿ. ಆಮೆಯ ಬೆನ್ನಿನ ಎತ್ತರಕ್ಕೆ ನನ್ನ ಕೈ ಚಾಚಿ ಹಿಡಿಯಬೇಕು. ಮುಂಜಾನೆಯ ಬಿಸಿಲಿನಷ್ಟು ಹಿತವಾದರೆ ಸರಿ, ಕೈ ತಾನಾಗಿ ಹಿಂದೆ ಬಂದರೆ ತಪ್ಪು. ಕೈ ಹಿಂದೆ ಬಂತು. ಪಟ್ಟಿಯನ್ನು ಒಂದು ಗೇಣು ಮೇಲೇರಿಸಿದೆವು. ಮತ್ತೆ ಹಿಡಿದೆ. ಮಾವನವರೂ ಹಿಡಿದರು. ಹತ್ತಿಯ ತೇವ ನೋಡಿ ನೋಡಿ ಪಳಗಿದ ಕೈ ಅದು. "ಈಗ ಬರೋಬರಿ ಆತು," ಎಂದರು.

ಉಳಿದದ್ದು ರಾತ್ರಿ. ಮೇನ್ ಎಳೆಯುವ ಪದ್ಧತಿ ಬಿಡಲು ಅವರಿಂದ ಆಗಲಿಲ್ಲ. ನಾನು ಕೇಳಲೂ ಇಲ್ಲ. ಅವರಿಗೆ ಮೊಣಕಾಲು ನೋವಿಗೆಂದು ಒಂದು ರಬ್ಬರಿನ ಬಿಸಿನೀರಿನ ಚೀಲವಿತ್ತು. ಅದಕ್ಕೆ ನೀರು ತುಂಬಿ, ಎರಡು ಪದರು ಅರಿವೆ ಸುತ್ತಿ, ದೋಣಿಯ ಒಂದು ಮಗ್ಗುಲಿಗೆ ಒರಗಿಸಿ, ಮೇಲೆ ಗಾಳಿಗೆ ಸಂದು ಬಿಟ್ಟು ಕಂಬಳಿ ಹೊದಿಸಿದರು. ಬೆಳಗಿನ ಜಾವದಲ್ಲಿ ಅವರೇ ಎದ್ದು ನೀರು ಬದಲಿಸುತ್ತಿದ್ದರು. ಆ ಚಳಿಯಿಡೀ ಕುಂಟುತ್ತ ನಡೆದರು. ಕೇಳಿದರೆ, "ನನ್ನ ಮೊಳಕಾಲಿಗೇನು, ಅದು ಮಾತಾಡತೈತಿ. ಇದು ಮಾತಾಡೂದಿಲ್ಲ" ಎನ್ನುತ್ತಿದ್ದರು.

ಇಷ್ಟೆಲ್ಲ ಆದರೂ ಚಕ್ಕುಲಿ ತಿನ್ನಲಿಲ್ಲ. ಬಲ್ಬಿನ ಕೆಳಗೆ ಬಂದು ಕೂಡುತ್ತಿತ್ತು, ಸಾಕಾದಾಗ ತಂಪಿಗೆ ಸರಿಯುತ್ತಿತ್ತು. ಕಣ್ಣು ಅರ್ಧ ತೆರೆಯುತ್ತಿತ್ತು. ಮುಂದಿಟ್ಟ ಮೆಂತ್ಯ, ರಾಜಗಿರಿ, ದಾಸವಾಳದ ಹೂವು ಎಲ್ಲ ಇಟ್ಟಂತೆಯೇ ಬಾಡುತ್ತಿತ್ತು.

ಒಂದು ಸಂಜೆ ಫೋನು ಬಂತು. ಮಿರಜದಿಂದ, ವಿಶಾಲಕ್ಕನ ಗಂಡ. ಮರುದಿನ ಮುಂಜಾನೆ ಆಪರೇಶನ್. ಅವಳು ಒಂದು ಮಾತಾಡಬೇಕಂತೆ ಎಂದರು. ಫೋನು ಎತ್ತಿದ್ದು ಮಾವನವರು. ನಾನು ಪಕ್ಕದಲ್ಲೇ ನಿಂತಿದ್ದೆ. ಆ ಕಡೆಯ ದನಿ ನನಗೂ ಕೇಳುತ್ತಿತ್ತು, ಬಾವಿಯ ತಳದಿಂದ ಬಂದ ಹಾಗೆ.

"ಕಾಕಾ, ಚಕ್ಕುಲಿ ಹೇಗಿದಾನೆ? ತಿಂತಾ ಇದಾನಾ?"

ಮಾವನವರು ನನ್ನ ಮುಖ ನೋಡಿದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಒಂದು ಚೀಲದ ತೂಕದಲ್ಲೂ ಎಂದೂ ಹೆಚ್ಚುಕಡಿಮೆ ಹೇಳದ ಮನುಷ್ಯ ಅವರು.

"ತಿನ್ನಾಕತ್ತಾನವಾ ತಂಗಿ," ಎಂದರು. "ಹೊಟ್ಟಿ ತುಂಬ ತಿನ್ನಾಕತ್ತಾನ. ನಿನ್ನಿ ಅರ್ಧಾ ಸಿವಡ ಮೆಂತೆ ತಿಂದಾನ. ನೀ ಆರಾಮ ಆಗಿ ಬಾ."

ಫೋನು ಇಟ್ಟವರು ನೇರ ಬಚ್ಚಲ ಮುಂದಿನ ಕೋಣೆಗೆ ಹೋದರು. ದೋಣಿಯ ಅಂಚು ಹಿಡಿದು ಬಗ್ಗಿದರು. "ಏ, ಕೇಳಿಲ್ಲಿ. ನಾ ನಿನ್ನ ಸಲುವಾಗಿ ಸುಳ್ಳ ಹೇಳಿ ಬಂದೇನಿ. ಅದನ್ನ ಖರೇ ಮಾಡೂದು ನಿನ್ನ ಕಡೆ ಐತಿ ನೋಡಪಾ."

ಮರುದಿನ ಇಬ್ಬರಿಗೂ ಫೋನಿನ ಕಡೆ ಒಂದು ಕಿವಿ, ದೋಣಿಯ ಕಡೆ ಒಂದು ಕಣ್ಣು. ಮಾವನವರು ಪೇಟೆಗೆ ಹೋಗಲಿಲ್ಲ. ಮಧ್ಯಾಹ್ನ ಊಟದ ತಾಟನ್ನೂ ಆ ಕೋಣೆಗೇ ತರಿಸಿಕೊಂಡು, ದೋಣಿಯ ಪಕ್ಕ ಕೂತು ರೊಟ್ಟಿ ಮುರಿದರು. ನಮ್ಮಲ್ಲಿ ಜೋಳದ ರೊಟ್ಟಿಯ ಜೊತೆ ಹತ್ತರಕಿ ಸೊಪ್ಪನ್ನು ಹಸಿಯಾಗಿಯೇ ತಿನ್ನುತ್ತೇವೆ. ಹೊಲದಲ್ಲಿ ತಾನಾಗಿ ಹುಟ್ಟುವ ಸೊಪ್ಪು, ನಾಲಗೆಗೆ ಸಣ್ಣಗೆ ಕಹಿ. ಅದನ್ನು ಆಮೆಗೆ ಹಾಕಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಮಾವನವರು ತಿನ್ನಲು ಮನಸ್ಸಿಲ್ಲದೆ ಒಂದು ಎಲೆಯನ್ನು ಕೈಯಲ್ಲಿ ಹಿಡಿದು, ಆ ಕೈಯನ್ನು ದೋಣಿಯ ಅಂಚಿನ ಒಳಗೆ ಇಳಿಬಿಟ್ಟು, ಫೋನಿನ ದಿಕ್ಕಿಗೆ ನೋಡುತ್ತಿದ್ದರು.

ನಾನು ನೀರು ಕೊಡಲು ಹೋದವಳು ಬಾಗಿಲಲ್ಲೇ ನಿಂತೆ. ಚಕ್ಕುಲಿ ಕುತ್ತಿಗೆ ಚಾಚಿತ್ತು. ಬಹಳ ಹೊತ್ತು ಚಾಚಿಕೊಂಡೇ ನಿಂತಿತು. ಆಮೇಲೆ ಬಾಯಿ ತೆರೆಯಿತು, ಒಳಗಿನ ಗುಲಾಬಿ ನಾಲಗೆ ಕಂಡಿತು, ಎಲೆಯ ತುದಿ ಹರಿಯಿತು. ಕರುಕ್ ಎಂಬ ಆ ಸಣ್ಣ ಸಪ್ಪಳ ನನಗೆ ಬಾಗಿಲ ತನಕ ಕೇಳಿಸಿತೆಂದರೆ ನೀವು ನಂಬಲಿಕ್ಕಿಲ್ಲ.

"ಮಾವಾರ, ಅಲ್ಲಾಡಬ್ಯಾಡ್ರಿ," ಎಂದೆ ಪಿಸುಮಾತಿನಲ್ಲಿ.

ಅವರು ಅಲ್ಲಾಡಲಿಲ್ಲ. ಎಲೆ ಪೂರ್ತಿ ಮುಗಿಯುವ ತನಕ, ಮುಗಿದು ಅದು ಅವರ ಹೆಬ್ಬೆರಳನ್ನೂ ಒಮ್ಮೆ ಕಚ್ಚಿ ನೋಡುವ ತನಕ, ಬಾಯಲ್ಲಿದ್ದ ತುತ್ತನ್ನೂ ನುಂಗದೆ ಹಾಗೇ ಕೂತಿದ್ದರು. ಸಂಜೆ ಫೋನು ಬಂತು. ಆಪರೇಶನ್ ಆಗಿತ್ತು, ವಿಶಾಲಕ್ಕ ಕಣ್ಣು ತೆರೆದಿದ್ದರು. ಒಂದಕ್ಕೊಂದು ಸಂಬಂಧವಿಲ್ಲ, ನನಗೆ ಗೊತ್ತು. ಆದರೂ ಅಂದು ನಾನು ಎರಡೂ ಸುದ್ದಿಗೆ ಒಟ್ಟಿಗೇ ಅತ್ತೆ.

ವಿಶಾಲಕ್ಕ ಬಂದದ್ದು ಬಿಸಿಲು ಬಲಿತ ಮೇಲೆ. ಸೀರೆ ಮೈಮೇಲೆ ನಿಲ್ಲದಷ್ಟು ಸೊರಗಿದ್ದರು. ಕಟ್ಟೆಯ ಮೇಲಿನ ಬಿಸಿಲಿನಲ್ಲಿ ಕಾಲು ಚಾಚಿ ಮಲಗಿದ್ದ ಚಕ್ಕುಲಿಯ ಪಕ್ಕ ಕೂತು, ಅದರ ಬೆನ್ನಿನ ಮೇಲೆ ಒಂದು ಬೆರಳಿಟ್ಟರು. ಮಾವನವರು ದೂರ ನಿಂತು, "ತಂಗಿ, ಅವತ್ತ ಫೋನಿನ್ಯಾಗ ನಾ ಸುಳ್ಳ ಹೇಳಿದ್ನಿ. ಅದು ಆವಾಗ ಏನೂ ತಿನ್ನತಿರಲಿಲ್ಲ" ಎಂದರು.

"ಗೊತ್ತಿತ್ತು ಕಾಕಾ," ಎಂದರು ವಿಶಾಲಕ್ಕ, ತಲೆಯೆತ್ತದೆ. "ಅವನಿಗೆ ಮೆಂತ್ಯ ಸೇರಲ್ಲ. ಯಾವತ್ತೂ ಮುಟ್ಟಿಲ್ಲ." ಬೆರಳಿನಿಂದ ಚಿಪ್ಪಿನ ಗೆರೆ ಸವರುತ್ತ ಹೇಳಿದರು: "ಸುಳ್ಳು ಅಂತ ಗೊತ್ತಾಯ್ತು. ಆದರೆ ಅಷ್ಟು ಸುಳ್ಳು ಹೇಳೋರ ಮನೇಲಿ ಇದಾನಲ್ಲ, ಅವನನ್ನ ಹೇಗಾದರೂ ಉಳಿಸ್ತಾರೆ ಅಂದ್ಕೊಂಡು ಆಪರೇಶನ್‌ಗೆ ಒಳಗೆ ಹೋದೆ."

ಡಾಕ್ಟರು ಹೇಳಿದ ಕಾಯ್ದೆಯ ಮಾತನ್ನು ನಾನು ಅಂಜುತ್ತ ತಿಳಿಸಿದೆ. ಅವರಿಗೆ ಗೊತ್ತಿರಲಿಲ್ಲ. ಕೆಲವು ದಿನ ಅದನ್ನು ಮುಂಚಿನಂತೆಯೇ ಕಟ್ಟೆಯ ಬಿಸಿಲಿಗೆ ಬಿಟ್ಟರು. ಆಮೇಲೆ ತಾವೇ, "ನಾನು ಮನೆಗೆ ಬಂದೆ, ಅವನೂ ಅವನ ಮನೆಗೆ ಹೋಗಲಿ" ಎಂದರು. ಅವರ ಗಂಡ ಅರಣ್ಯ ಇಲಾಖೆಗೆ ತಿಳಿಸಿದರು. ಒಬ್ಬ ಹರೆಯದ ಗಾರ್ಡು ಜೀಪಿನಲ್ಲಿ ಬಂದ. ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ಚಕ್ಕುಲಿಯನ್ನು ಒಳಗಿಟ್ಟುಕೊಂಡ. ಇದರ ಜಾತಿಯವು ಇರುವ ಕುರುಚಲು ಕಾಡಿನ ಕಡೆ ಕಳಿಸುತ್ತೇವೆ, ಅಲ್ಲಿಯ ತನಕ ನಮ್ಮಲ್ಲಿ ನೋಡಿಕೊಳ್ಳುವವರಿದ್ದಾರೆ ಎಂದ. ವಿಶಾಲಕ್ಕ ಒಳಗೆ ಹೋಗಿಬಿಟ್ಟರು. ನಾನು ಮತ್ತು ಮಾವನವರು ಜೀಪಿನ ಬಳಿ ನಿಂತಿದ್ದೆವು. ಏಪ್ರಿಲ್‌ನ ಬಿಸಿಲು, ಜೀಪಿನ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು.

"ಅಲ್ಲೆ ರಾತ್ರಿ ಥಂಡಿಗೆ ಏನ ವ್ಯವಸ್ಥಾ ಮಾಡೀರೋ ತಮ್ಮಾ?" ಎಂದು ಮಾವನವರು ಕೇಳಿದರು.

ಗಾರ್ಡು ಹಣೆಯ ಬೆವರು ಒರೆಸಿಕೊಂಡು ನಕ್ಕ. "ಥಂಡಿ ಎಲ್ಲೈತ್ರಿ ಅಜ್ಜಾರ? ಸುಡೂ ಬ್ಯಾಸಗಿ ಇದು."

"ಈಗ ಬ್ಯಾಸಗಿ ಖರೇ," ಎಂದರು ಮಾವನವರು, ಜೀಪಿನ ಬಾಗಿಲಿನಿಂದ ಕೈ ತೆಗೆಯದೆ. "ಥಂಡಿ ಮತ್ತ ಬರೂದಿಲ್ಲೇನು?"

ಗಾರ್ಡು ನನ್ನತ್ತ ನೋಡಿದ, ಈ ಮುದುಕನಿಗೆ ನೀವಾದರೂ ಹೇಳಿ ಎಂಬಂತೆ. ಅವನು ಏನು ಉತ್ತರ ಕೊಡುತ್ತಾನೋ ಎಂದು ನಾನೂ ಅವನ ಬಾಯನ್ನೇ ನೋಡುತ್ತ ನಿಂತಿದ್ದೆ.